ಅಪ್ಪನ ಪಾಲಿನ ಸಾರಾಯಿ

ಸಂಪಾಜೆಯಲ್ಲಿ ಆಗ ಒಂದೇ ಊರಿಗೆ ಎರಡು ಸರಕಾರ. ಈಚೆ ನಮ್ಮ ದಕ್ಷಿಣ ಕನ್ನಡ, ಮದರಾಸಿಗೆ ಸೇರಿದ್ದು. ಆಚೆ ಕೊಡಗು, ಅದಕ್ಕೆ ಅದರದ್ದೇ ಆಡಳಿತ. ರಾಜ್ಯಗಳನ್ನು ಭಾಷೆ ನೋಡಿ ಕೂಡಿಸುವುದಕ್ಕೆ ಇನ್ನೂ ಕೆಲವು ವರ್ಷ ಬಾಕಿ ಇತ್ತು. ನಮ್ಮ ಕಡೆ ಪಾನನಿರೋಧ ಜಾರಿಯಲ್ಲಿತ್ತು, ಒಂದು ಗುಟುಕು ಸಾರಾಯಿಗೂ ಜೈಲು ಕಾಣಬಹುದಿತ್ತು. ಆಚೆ ಅದೇ ಸಾರಾಯಿ ಹಾಡಹಗಲಲ್ಲಿ ಅಂಗಡಿಯಲ್ಲಿ ಸಿಗುತ್ತಿತ್ತು. ಸಾರಾಯಿ ಅದೇ, ಗಂಟಲೂ ಅದೇ, ಅಪರಾಧ ಮಾತ್ರ ಗಡಿಯ ಈಚೆ ಹುಟ್ಟುವುದು. ಪುತ್ತೂರಿನ ಕೋರ್ಟಿನ ಜಗಲಿಯಲ್ಲಿ ನಾವು ಜೂನಿಯರ್ ವಕೀಲರು ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಆ ಲಾರಿ ಡ್ರೈವರರ ಕೇಸು ಕೈಗೆ ಬಂದ ಮೇಲೆ ನನಗೆ ಆ ನಗು ಬಂದಿಲ್ಲ.

ಕೇಸು ತಂದವರು ಅವರ ಅಕ್ಕ. ನಾನು ಕೆಲಸ ಕಲಿಯುತ್ತಿದ್ದ ಹಿರಿಯ ವಕೀಲರ ಮನೆಗೆ ಬೆಳಿಗ್ಗೆ ಹೋದಾಗ ಮೆಟ್ಟಿಲ ಮೇಲೆ ಕೂತಿದ್ದರು. ಘಾಟಿಯ ಮೇಲಿನ ಮದೆನಾಡಿನ ಕಡೆಯವರು, ಅರೆಭಾಷೆಯ ಗೌಡರ ಮನೆಯವರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಆ ಮನೆಯನ್ನು ನಡೆಸುತ್ತಿದ್ದವರು. ಕೂರಿ ಎಂದರೂ ಒಳಗೆ ಬಂದು ಕೂರಲಿಲ್ಲ.

"ನನ್ನ ತಮ್ಮನನ್ನು ಸಂಪಾಜೆ ಗೇಟಿನಲ್ಲಿ ಹಿಡಿದಿದ್ದಾರೆ ಸ್ವಾಮಿ. ಕುಡಿದು ಲಾರಿ ಬಿಟ್ಟ ಅಂತ. ಅವ ಕುಡಿಯುವವನೇ ಅಲ್ಲ. ಬೇಕಾದ್ರೆ ಮದೆನಾಡಿನಿಂದ ಪುತ್ತೂರಿನವರೆಗೆ ಕೇಳಿ ನೋಡಿ."

ನನ್ನ ಸೀನಿಯರ್ ಕಾಫಿ ಕುಡಿಯುತ್ತಲೇ ಕೇಳಿದರು. "ಮೊದಲ ಸಲವಾ?"

"ಮೊದಲು ಎಂತದು, ಒಂದು ಸೈಕಲಿಗೆ ಕೂಡ ತಾಗಿಸಿದವನಲ್ಲ."

"ಹಾಗಾದ್ರೆ ಹೆದರ್ಬೇಡಿ. ತಪ್ಪಾಯ್ತು ಅಂತ ಒಪ್ಪಿಕೊಂಡರೆ ದಂಡ ಹಾಕಿ ಬಿಡ್ತಾರೆ," ಎಂದರು. ನನ್ನ ಕಡೆ ತಿರುಗಿ, "ನೀನು ನೋಡಿಕೋ ಮಾರಾಯ, ಅರ್ಧ ಗಂಟೆಯ ಕೆಲಸ," ಎಂದು ಪೇಪರು ಬಿಡಿಸಿದರು.

ಆ ಕಾಲದ ಪುತ್ತೂರಿನಲ್ಲಿ ಅದು ರೂಢಿಯೇ. ಕಳ್ಳಭಟ್ಟಿ, ಕೋಳಿ ಅಂಕ, ದೀಪವಿಲ್ಲದ ಸೈಕಲು, ಎಲ್ಲದಕ್ಕೂ ಒಂದೇ ಮದ್ದು. ಕೈಮುಗಿದು "ತಪ್ಪಾಯ್ತು ಸ್ವಾಮಿ" ಎಂದರೆ ಆಯಿತು, ದಂಡ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಮನೆ. ನಾನೂ ಹಾಗೆಯೇ ಎಣಿಸಿಕೊಂಡು ಹೊರಟೆ.

ಮೊದಲು ಜಾಮೀನು ಆಗಬೇಕಿತ್ತು. ಜಾಮೀನು ಕೊಡಬಹುದಾದ ಅಪರಾಧವೇ, ಆದರೆ ಹೊಣೆ ನಿಲ್ಲುವವರಿಗೆ ತೀರ್ವೆ, ಅಂದರೆ ಕಂದಾಯ, ಕಟ್ಟುವ ಜಾಗ ಇರಬೇಕು. ಅಕ್ಕ ಮನೆಯ ಗದ್ದೆಯ ತೀರ್ವೆ ರಸೀದಿ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಕೋರ್ಟಿನ ಗುಮಾಸ್ತರು ಅದನ್ನು ಮಗುಚಿ ನೋಡಿ, ಇದು ಕೊಡಗಿನ ಜಾಗ, ನಮ್ಮ ಕೋರ್ಟಿನ ಕೈ ಅಲ್ಲಿಗೆ ಮುಟ್ಟುವುದಿಲ್ಲ ಎಂದು ವಾಪಸು ಕೊಟ್ಟರು. ಲಾರಿಯ ಧಣಿಯಾದರೂ ಬರಬಹುದು ಎಂದು ಕಾದೆವು. ಅವರು ಬಂದರು, ತಮ್ಮ ಲಾರಿಯನ್ನು ಬಿಡಿಸಿಕೊಳ್ಳಲು ಮುಚ್ಚಳಿಕೆ ಬರೆದುಕೊಟ್ಟರು, ಡ್ರೈವರರ ಕಡೆ ನೋಡದೆ ಹೋದರು. ಕೊನೆಗೆ ಹೊಣೆ ನಿಂತವರು ಪುತ್ತೂರಿನಲ್ಲಿ ಸೌದೆ ಡಿಪೋ ಇಟ್ಟಿದ್ದ ಒಬ್ಬ ಬ್ಯಾರಿ. "ನನ್ನ ಮರ ಎಷ್ಟು ಸಲ ಇಳಿಸಿ ಕೊಟ್ಟಿದ್ದಾರೆ ಇವರು. ಒಂದು ಕೊರಡು ಕಮ್ಮಿ ಬರ್ಲಿಲ್ಲ," ಎಂದು ಹೇಳಿ ರುಜು ಹಾಕಿದರು.

ಹೊರಗೆ ಬಂದ ಡ್ರೈವರರನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ನಲವತ್ತರ ಆಸುಪಾಸು, ದಪ್ಪ ಮಣಿಕಟ್ಟು, ಮೆಲ್ಲಗೆ ಮಾತು. ಕೋರ್ಟಿನ ಹಿಂದಿನ ಮರದ ಕೆಳಗೆ ಕೂತು ಅವರು ಹೇಳಿದ್ದನ್ನು ಬರೆದುಕೊಂಡೆ.

ಪೊಲೀಸರು ಹಿಡಿದಂದು ಅವರ ಮನೆಯಲ್ಲಿ ಗುರುಕಾರಣರಿಗೆ ಬಡಿಸುವ ದಿನ. ಗುರುಕಾರಣರೆಂದರೆ ಮನೆಯ ಸತ್ತ ಹಿರಿಯರು. ವರ್ಷಕ್ಕೊಮ್ಮೆ ಅವರಿಗೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಸ್ವಲ್ಪ ಹೊತ್ತು ಎಳೆದುಕೊಂಡು, ಆಮೇಲೆ ಮನೆಯವರು ಅದನ್ನು ಪ್ರಸಾದವೆಂದು ಉಣ್ಣುವುದು. ಅವರ ಅಪ್ಪ ತೀರಿಕೊಂಡದ್ದು ಹಿಂದಿನ ವರ್ಷ. ಅಪ್ಪನನ್ನು ಹಿರಿಯರ ಸಾಲಿನಲ್ಲಿ ಕೂರಿಸಿ ಬಡಿಸಿದ್ದು ಅದೇ ಮೊದಲು. ಆ ಮನೆಯ ಕಟ್ಟಳೆಯಲ್ಲಿ ಅಪ್ಪನ ಎಲೆಯದ್ದು ಮಗನಿಗೆ. ಉಳಿಸುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ. ಮಡಿಕೇರಿಯಲ್ಲಿ ಮರ ತುಂಬಿಸಿಕೊಂಡು ಬರುತ್ತಿದ್ದ ಡ್ರೈವರರು ಮಧ್ಯಾಹ್ನ ಲಾರಿಯನ್ನು ರಸ್ತೆಯಲ್ಲಿ ನಿಲ್ಲಿಸಿ ಮನೆಗೆ ಹತ್ತಿದರು. ಎಲೆಯ ಮುಂದೆ ಕೂತರು. ಅಪ್ಪನ ಪಾಲಿನ ಅನ್ನ, ಕೋಳಿ ಉಂಡರು. ಅಪ್ಪನ ಪಾಲಿನ ಸಾರಾಯಿ ಕುಡಿದರು. ಸಂಜೆಯೊಳಗೆ ಮರ ಪುತ್ತೂರಿಗೆ ಮುಟ್ಟಬೇಕಿತ್ತು, ಎದ್ದು ಹೊರಟರು.

ಘಾಟಿ ಸರಿಯಾಗಿಯೇ ಇಳಿದರು. ಗಡಿ ದಾಟಿ, ನಮ್ಮ ಕಡೆಯ ಚೆಕ್‌ಪೋಸ್ಟ್ ಕಣ್ಣಿಗೆ ಕಾಣುವಲ್ಲಿ, ನೇರ ರಸ್ತೆಯಲ್ಲಿ, ತಲೆಯ ಮೇಲೆ ಹುಲ್ಲಿನ ಕಟ್ಟ ಹೊತ್ತ ಒಬ್ಬ ಹೆಂಗಸು ಎದುರಿಗೆ ಸಿಕ್ಕಿದರು. ಲಾರಿ ಎಡಕ್ಕೆ ಹೊರಳಿ ರಸ್ತೆ ಬದಿಯ ಕಣಿಗೆ, ಮಳೆನೀರಿನ ಚರಂಡಿಗೆ, ಬಿತ್ತು. ಹೆಂಗಸಿಗೆ ಏನೂ ಆಗಲಿಲ್ಲ. ಹುಲ್ಲಿನ ಕಟ್ಟದ ಮೇಲೆ ಚಕ್ರ ಹತ್ತಿತ್ತು. ಚೆಕ್‌ಪೋಸ್ಟಿನ ಪೊಲೀಸಿನವ ಓಡಿ ಬಂದು, ಮೂಗಿಗೆ ವಾಸನೆ ಬಡಿದು, "ಕುಡಿದಿದ್ದೀಯಾ?" ಎಂದು ಕೇಳಿದ್ದಾನೆ. ಇವರು "ಇಲ್ಲ" ಎಂದಿದ್ದಾರೆ.

"ಯಾಕೆ ಹಾಗೆ ಹೇಳಿದಿರಿ ಮಾರಾಯ್ರೆ?" ಎಂದು ನಾನು ತಲೆಯ ಮೇಲೆ ಕೈ ಹೊತ್ತೆ. "ಬಾಯಿ ಅಷ್ಟು ನಾರುವಾಗ!"

"ಕುಡಿದಿರ್ಲಿಲ್ಲ ಅಲ್ವಾ," ಎಂದರು. ಸುಳ್ಳು ಹೇಳುವವನ ಮುಖವಲ್ಲ ಅದು. "ಕುಡಿಯುದು ಅಂದ್ರೆ ಅಂಗಡಿಗೆ ಹೋಗಿ ಕೂತು ಕುಡಿಯುದು. ಇದು ಅಪ್ಪನ ಎಲೆಯದ್ದು. ಪ್ರಸಾದ. ಅದನ್ನು ಕುಡಿತ ಅಂತ ಹೇಳಲಿಕ್ಕೆ ಆಗ್ತದಾ?"

ಅವರ ಪಾಲಿಗೆ ಅದು ಸತ್ಯ. ಪೊಲೀಸರ ಪಾಲಿಗೆ, ಸಾರಾಯಿ ನಾರುತ್ತಾ ಕಣ್ಣೆದುರೇ ಸುಳ್ಳು ಹೇಳಿದ ಆಸಾಮಿ. ಮೇಲಧಿಕಾರಿ ಸಿಟ್ಟಿನಲ್ಲಿ ಎರಡೆರಡು ಕೇಸು ಜಡಿದಿದ್ದರು. ಒಂದು ಪಾನನಿರೋಧದ ಕಾಯಿದೆಯಲ್ಲಿ, ಸಾರಾಯಿ ಕುಡಿದದ್ದಕ್ಕೆ. ಇನ್ನೊಂದು ಮೋಟಾರು ಕಾಯಿದೆಯಲ್ಲಿ, ಕುಡಿದು ವಾಹನ ನಡೆಸಿದ್ದಕ್ಕೆ.

ಅಂದು ಸಂಜೆ ಸೀನಿಯರರ ಕಪಾಟಿನಿಂದ ಮೋಟಾರು ಕಾಯಿದೆಯ ಪುಸ್ತಕ ತೆಗೆದು ಓದಿದೆ. ನಾವು ಯಾರೂ ಅದನ್ನು ಪೂರ್ತಿ ಓದಿದವರಲ್ಲ, ಪುತ್ತೂರಿನಲ್ಲಿ ಆಗ ಎಷ್ಟು ಮೋಟಾರು ಇದ್ದವು! ದಂಡ, ಜೈಲು ಎಲ್ಲ ಒಂದು ಕಡೆ ಬರೆದಿತ್ತು. ಲೈಸೆನ್ಸಿನ ವಿಷಯ ಬೇರೆಯೇ ಕಡೆ. ಈ ಅಪರಾಧ ರುಜುವಾತಾದರೆ, ಅದು ಮೊದಲ ಸಲವೇ ಆಗಿರಲಿ, ಕೋರ್ಟು ಲೈಸೆನ್ಸನ್ನು ತಡೆಹಿಡಿಯಲೇಬೇಕು, ಆರು ತಿಂಗಳಿಗೆ ಕಮ್ಮಿ ಮಾಡುವಂತಿಲ್ಲ, ಮತ್ತು ಲೈಸೆನ್ಸಿನಲ್ಲಿಯೇ ಅದನ್ನು ಬರೆದು ಕೊಡಬೇಕು. ತಪ್ಪಾಯ್ತು ಎಂದು ಕೈಮುಗಿದು ಬರುವ ನಮ್ಮ ಅರ್ಧ ಗಂಟೆಯ ಕೆಲಸದಲ್ಲಿ ಈ ಮನುಷ್ಯನ ಅನ್ನ ಹೋಗುತ್ತಿತ್ತು.

ಮರುದಿನ ಅದನ್ನು ಅವರಿಗೆ ಓದಿ ಹೇಳಿದೆ. ಡ್ರೈವರರು, "ಜೈಲಿಗೆ ಬೇಕಾದ್ರೆ ಹೋಗ್ತೇನೆ ಸ್ವಾಮಿ. ಲೈಸೆನ್ಸು ಮಾತ್ರ ಹೋಗುದು ಬೇಡ. ನನಗೆ ಬೇರೆ ಎಂತ ಕೆಲಸವೂ ಬರುದಿಲ್ಲ," ಎಂದರು. ಕೇಸು ನಡೆಸುವುದೆಂದು ಆಯಿತು. ಸೀನಿಯರ್ ಕೇಳಿ ನಕ್ಕರು. "ಇಲಿ ಹಿಡಿಯಲಿಕ್ಕೆ ಗುಡ್ಡ ಅಗೆಯುದಾ? ಆಗ್ಲಿ, ಅಗೆ. ಕೈ ಪಳಗ್ತದೆ," ಎಂದರು.

ಅಗೆದೆ. ಕಾಯಿದೆಯ ಮಾತು ಹೀಗಿತ್ತು: ಕುಡಿದಿದ್ದರೆ ಸಾಲದು, ವಾಹನ ಹತೋಟಿಯಲ್ಲಿ ಇಟ್ಟುಕೊಳ್ಳಲಾರದಷ್ಟು ಅಮಲು ಏರಿರಬೇಕು. ಬಾಯಿ ನಾರಿದ್ದು ಅದಕ್ಕೆ ಪುರಾವೆಯಲ್ಲ. ಬಸ್ಸು ಹಿಡಿದು ಸಂಪಾಜೆಗೆ ಹೋಗಿ ಜಾಗ ನೋಡಿದೆ. ರಸ್ತೆಯ ಬಲಕ್ಕೆ ಹೊಳೆಯ ಕಡೆಯ ಇಳಿಜಾರು, ಎಡಕ್ಕೆ ಆಳವಿಲ್ಲದ ಕಣಿ. ಬಲಕ್ಕೆ ಹೊರಳಿದ್ದರೆ ಮರದ ಲೋಡಿನ ಜೊತೆ ಲಾರಿ ಹೊಳೆಗೆ. ನೇರ ಹೋಗಿದ್ದರೆ ಹೆಂಗಸಿನ ಮೇಲೆ. ಹುಲ್ಲಿನ ಹೆಂಗಸನ್ನು ಹುಡುಕಿದೆ, ಅಲ್ಲಿಯೇ ಒಂದು ಹಟ್ಟಿಯ ಹತ್ತಿರ ಸಿಕ್ಕಿದರು.

"ಲಾರಿ ಮೈಮೇಲೆ ಬಂತು ಅಂತ ಕಣ್ಣು ಮುಚ್ಚಿದೆ," ಎಂದರು. "ಬಿಟ್ಟು ನೋಡ್ತೇನೆ, ಲಾರಿ ಕಣಿಯಲ್ಲಿ ಉಂಟು, ನಾನು ರಸ್ತೆಯಲ್ಲಿಯೇ ಇದ್ದೇನೆ. ಆ ಪುಣ್ಯಾತ್ಮ ತಿರುಗಿಸದಿದ್ರೆ ನಾನು ಇವತ್ತು ನಿಮ್ಮತ್ರ ಮಾತಾಡ್ಲಿಕ್ಕೆ ಇಲ್ಲ."

ವಾಪಸು ಬರುವ ಬಸ್ಸಿನಲ್ಲಿ ನನಗೆ ಕೂರಲು ಆಗುತ್ತಿರಲಿಲ್ಲ. ಹತೋಟಿ ತಪ್ಪಿತ್ತು ಎಂಬುದಕ್ಕೆ ಪೊಲೀಸರು ತೋರಿಸುವ ಕಣಿಯೇ ಹತೋಟಿ ಇತ್ತು ಎಂಬುದಕ್ಕೆ ನನ್ನ ಸಾಕ್ಷಿ. ಬೇಕೆಂದೇ ಕಣಿಗೆ ಇಳಿಸಿದರು, ಜೀವ ಉಳಿಸಿದರು. ಉಳಿದದ್ದು ಪಾನನಿರೋಧದ ಕೇಸು. ಅದಕ್ಕೂ ದಾರಿ ಇತ್ತು. ಕುಡಿದದ್ದು ಕೊಡಗಿನಲ್ಲಿ, ಅಲ್ಲಿ ಅದು ಅಪರಾಧವಲ್ಲ. ಅದನ್ನು ಹೇಳಲು ಎಲೆ ಬಡಿಸಿದ ಅಕ್ಕ ಒಬ್ಬರೇ ಸಾಕ್ಷಿ. ಆದರೆ ಅಕ್ಕನನ್ನು ಕಟಕಟೆ ಹತ್ತಿಸಿದರೆ ತಮ್ಮ ಸಾರಾಯಿ ಕುಡಿದೇ ಲಾರಿ ಹತ್ತಿದ್ದು ಎಂದೂ ಅವರ ಬಾಯಲ್ಲೇ ಬರುತ್ತದೆ. ಒಂದು ಕೇಸಿನ ಮದ್ದು ಇನ್ನೊಂದಕ್ಕೆ ವಿಷ. ಎಣಿಸಿ ಎಣಿಸಿ, ಹುಲ್ಲಿನ ಹೆಂಗಸು ಮತ್ತು ಅಂದು ಡ್ರೈವರರನ್ನು ಪರೀಕ್ಷಿಸಿದ ಡಾಕ್ಟರು ನೆಟ್ಟಗೆ ನಿಂತರೆ ಅಕ್ಕನನ್ನು ಕರೆಯಬಹುದು ಎಂದುಕೊಂಡೆ.

ವಿಚಾರಣೆಯ ದಿನ ಅವರಿಬ್ಬರೂ ನೆಟ್ಟಗೆ ನಿಂತರು. ಹೆಂಗಸು ಪೊಲೀಸರ ಕಡೆಯ ಸಾಕ್ಷಿಯಾಗಿ ಬಂದವರು, ಪುಣ್ಯಾತ್ಮ ಎಂಬ ಮಾತನ್ನು ಕೋರ್ಟಿನಲ್ಲೂ ಬಿಡಲಿಲ್ಲ. ಆಮೇಲೆ ಸುಳ್ಯದಿಂದ ಬಂದ ಡಾಕ್ಟರು. ಉಸಿರು ಊದಿ ಅಳೆಯುವ ಯಂತ್ರವೆಲ್ಲ ಆಗ ಎಲ್ಲಿತ್ತು. ಡಾಕ್ಟರು ಬಾಯಿ ಮೂಸಿ, ಕಣ್ಣು ನೋಡಿ, ನಾಡಿ ಹಿಡಿದು, ಗೆರೆಯ ಮೇಲೆ ನಡೆಸಿ, ನೆಲಕ್ಕೆ ಬಿದ್ದ ನಾಣ್ಯ ಹೆಕ್ಕಿಸಿ, ರುಜು ಹಾಕಿಸಿ ನೋಡುವುದು.

"ಗೆರೆಯ ಮೇಲೆ ಸರಿಯಾಗಿ ನಡೆದರಾ?" ಎಂದು ಕೇಳಿದೆ.

"ನಡೆದರು."

"ನಾಣ್ಯ?"

"ಹೆಕ್ಕಿದರು."

"ಹಾಗಾದರೆ ವಾಹನ ನಡೆಸಲಾರದಷ್ಟು ಅಮಲು ಇತ್ತು ಎಂದು ನೀವು ಹೇಳುವುದಿಲ್ಲ?"

"ನಾನು ನೋಡಿದ ಹೊತ್ತಿಗೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ," ಎಂದರು ಡಾಕ್ಟರು. ಪೊಲೀಸರ ಪರ ಕೇಸು ನಡೆಸುತ್ತಿದ್ದ ಇನ್ಸ್‌ಪೆಕ್ಟರು ಎದ್ದು, ಅಪಘಾತ ಆಗಿ ಎಷ್ಟೋ ಹೊತ್ತಿನ ಮೇಲೆ ನೀವು ನೋಡಿದ್ದಲ್ಲವೇ ಎಂದು ಕೇಳಿದರು. ಹೌದೆಂದರು. ಅದರಿಂದ ಅವರಿಗೆ ಹೆಚ್ಚೇನೂ ಸಿಗಲಿಲ್ಲ. ಕೇಸು ನನ್ನ ಕೈಯಲ್ಲಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಜಂಬವೇ ಬಂದಿತ್ತು.

ಅಕ್ಕನನ್ನು ಕರೆಸಿದೆ. ನನ್ನ ಪ್ರಶ್ನೆಗೆ ಚೆನ್ನಾಗಿಯೇ ಹೇಳಿದರು. ನಮ್ಮ ಮನೆ ಮದೆನಾಡಿನ ಕಡೆ, ಅಲ್ಲಿಯೇ ಬಡಿಸಿದ್ದು, ಗಡಿಯ ಈಚೆ ಅವ ಎಲ್ಲಿಯೂ ನಿಲ್ಲಿಸಿಲ್ಲ. ಇನ್ಸ್‌ಪೆಕ್ಟರು ಪಾಟೀಸವಾಲಿಗೆ ಎದ್ದರು.

"ನಿಮ್ಮ ತಮ್ಮ ಎಷ್ಟು ಕುಡಿದ?"

"ಅವ ಕುಡಿದಿಲ್ಲ. ಅಪ್ಪನಿಗೆ ಇಟ್ಟದ್ದನ್ನು ತಕ್ಕೊಂಡದ್ದು."

"ಸರಿ. ಅಪ್ಪನಿಗೆ ಎಷ್ಟು ಇಟ್ಟದ್ದು?"

"ಅಪ್ಪನಿಗೆ ಬೇಕಾದಷ್ಟು."

"ಅಪ್ಪನಿಗೆ ಎಷ್ಟು ಬೇಕಾಗ್ತಿತ್ತು?"

ಅಕ್ಕನ ಮುಖದಲ್ಲಿ ನಗುವೊಂದು ಬಂದು ಹೋಯಿತು. ಅಪ್ಪ ಬದುಕಿದ್ದ ಕಾಲದ ನಗು. "ಅಪ್ಪನಿಗೆ ಒಂದು ಚೊಂಬು ಬೇಕು ಸ್ವಾಮಿ. ಅದಕ್ಕಿಂತ ಕಮ್ಮಿ ಇಟ್ರೆ ಎಲೆಗೆ ಕೂರ್ತಿರ್ಲಿಲ್ಲ. ಮೊದಲ ವರ್ಷ ಬಡಿಸುದು, ಕಮ್ಮಿ ಮಾಡ್ಲಿಕ್ಕೆ ಉಂಟಾ?"

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ಜನ್ಮದಲ್ಲಿ ಸಾರಾಯಿ ಮುಟ್ಟದ ಮಗ, ಬದುಕಿಡೀ ಕುಡಿದ ಅಪ್ಪನ ಅಳತೆಯನ್ನು ಒಂದೇ ಉಸಿರಿಗೆ ಇಳಿಸಿಕೊಂಡು ಘಾಟಿ ಇಳಿದದ್ದು ಆಗ ಎಲ್ಲರಿಗೂ ಕಂಡಿತು. ನನಗೂ ಆ ಅಳತೆಯನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಅಂದರೆ ಚೊಂಬು ತುಂಬಾ ಕುಡಿಸಿ ನೀವೇ ಅವನನ್ನು ಲಾರಿ ಹತ್ತಿಸಿದ್ದು. ಆ ಹೆಂಗಸು ಸತ್ತಿದ್ದರೆ?" ಎಂದರು ಇನ್ಸ್‌ಪೆಕ್ಟರು.

ಅಕ್ಕ ಕಟಕಟೆಯ ಮರವನ್ನು ಹಿಡಿದುಕೊಂಡರು. "ನನಗೆ ಗೊತ್ತಾಗ್ಲಿಲ್ಲ ಸ್ವಾಮಿ. ನನಗೆ ಶಿಕ್ಷೆ ಕೊಡಿ. ಅವನ ಲೈಸೆನ್ಸು ಬಿಡಿ," ಎಂದು ಅಳಲು ಶುರು ಮಾಡಿದರು. ಮ್ಯಾಜಿಸ್ಟ್ರೇಟರು ಅವರನ್ನು ಕೂರಿಸಲು ಹೇಳಿದರು.

ಆಗಲೂ ಕೇಸು ಹೋಗಿರಲಿಲ್ಲ. ಚೊಂಬು ಎಷ್ಟಾದರೂ ಇರಲಿ, ಹತೋಟಿ ತಪ್ಪಿದ್ದಕ್ಕೆ ಸಾಕ್ಷಿ ಬೇಕು. ಅದು ಅವರ ಬಳಿ ಇರಲಿಲ್ಲ. ನಾನು ವಾದಕ್ಕೆ ಏಳಬೇಕು, ಅಷ್ಟರಲ್ಲಿ ಆರೋಪಿಯ ಜಾಗದಿಂದ ಡ್ರೈವರರು ಕೈಮುಗಿದರು.

"ನನಗೆ ಒಂದು ಮಾತು ಹೇಳ್ಲಿಕ್ಕೆ ಉಂಟು ಸ್ವಾಮಿ."

ನಾನು ತಿರುಗಿ ನೋಡಿ ಬೇಡವೆಂದು ಕೈ ಆಡಿಸಿದೆ. ಮ್ಯಾಜಿಸ್ಟ್ರೇಟರು, ವಕೀಲರ ಹತ್ತಿರ ಕೇಳಿ ಹೇಳು ಎಂದರು. ಡ್ರೈವರರು ನನ್ನ ಕಡೆ ನೋಡಲೇ ಇಲ್ಲ.

"ಅಕ್ಕನದ್ದು ತಪ್ಪಲ್ಲ. ಅವಳು ಬಡಿಸಿದ್ದು ಅಪ್ಪನಿಗೆ. ಲಾರಿ ಹತ್ತಿದ್ದು ನಾನು. ಆ ಅಮ್ಮನನ್ನು ಉಳಿಸಿದೆ ಅಂತ ಎಲ್ಲರೂ ಹೇಳ್ತಾರೆ. ಉಳಿಸಿದ್ದಲ್ಲ. ಬೇರೆ ದಿನ ಆಗಿದ್ರೆ ನಾನು ಅವರನ್ನು ಅಷ್ಟು ದೂರದಲ್ಲೇ ಕಾಣ್ತಿದ್ದೆ, ಹಾರ್ನ್ ಹಾಕ್ತಿದ್ದೆ. ಅವತ್ತು ಹುಲ್ಲು ಮಾತ್ರ ಕಂಡದ್ದು, ಅದೂ ಹತ್ತಿರ ಬಂದ ಮೇಲೆ. ಬ್ರೇಕಿಗೆ ಕಾಲು ಹೋಗುವಾಗ ತಡ ಆಗಿತ್ತು. ಸ್ಟಿಯರಿಂಗು ಯಾವ ಕಡೆ ಎಳೆದೆ ಅಂತ ನನಗೇ ಗೊತ್ತಿಲ್ಲ. ಎಡಕ್ಕೆ ಹೋಯಿತು. ಕುಡಿದಿಲ್ಲ ಅಂತ ಗೇಟಿನಲ್ಲಿ ಹೇಳಿದ್ದು ಸುಳ್ಳು ಹೇಳ್ಬೇಕು ಅಂತ ಅಲ್ಲ. ನನಗೆ ಹಾಗೆಯೇ ಇತ್ತು. ಆದ್ರೆ ಪ್ರಸಾದ ಯಾವುದು, ಕುಡಿತ ಯಾವುದು ಅಂತ ಬ್ರೇಕಿಗೆ ಗೊತ್ತಾಗುದಿಲ್ಲ ಸ್ವಾಮಿ."

ಮ್ಯಾಜಿಸ್ಟ್ರೇಟರು ಬರೆಯುತ್ತಿದ್ದ ಕೈ ನಿಲ್ಲಿಸಿ ಅವರನ್ನು ನೋಡಿದರು. ಇದನ್ನು ಬರೆದುಕೊಳ್ಳಲೇ ಎಂದು ಕೇಳಿದರು. ಬರೆದುಕೊಳ್ಳಿ ಎಂದರು ಇವರು. ಪೊಲೀಸರು ಇಷ್ಟು ದಿನ ಹುಡುಕಿಯೂ ಸಿಗದ ಸಾಕ್ಷಿ ಆರೋಪಿಯ ಬಾಯಿಂದಲೇ ಕಡತಕ್ಕೆ ಹತ್ತಿತು. ನನಗೆ ಕೆಂಡದಂಥ ಸಿಟ್ಟು ಬಂತು. ಆದರೂ ಎದ್ದು ನಿಂತು ವಾದಿಸಿದೆ. ನೊಂದ ಮನುಷ್ಯ ತನ್ನ ಮೇಲೆ ಹೆಚ್ಚಿಗೆ ಹೇಳಿಕೊಳ್ಳುತ್ತಾನೆ, ಅದನ್ನು ಹಾಗೆಯೇ ತೆಗೆದುಕೊಳ್ಳಬಾರದು ಎಂದೆಲ್ಲ ಹೇಳಿದೆ. ನನ್ನ ಕಿವಿಗೇ ಅದು ಟೊಳ್ಳಾಗಿ ಕೇಳುತ್ತಿತ್ತು.

ತೀರ್ಪು ಮುಂದಿನ ವಾರ ಬಂತು. ಸಾರಾಯಿ ಕುಡಿದದ್ದು ಕೊಡಗಿನಲ್ಲಿ, ಆದ್ದರಿಂದ ಪಾನನಿರೋಧದ ಕೇಸು ನಿಲ್ಲುವುದಿಲ್ಲ. ಮೋಟಾರು ಕಾಯಿದೆಯ ಕೇಸಿನಲ್ಲಿ ತಪ್ಪಿತಸ್ಥ. ಮೊದಲ ಅಪರಾಧ, ನಿಜ ಹೇಳಿದ್ದಾನೆ, ಆದ್ದರಿಂದ ಜೈಲಿಲ್ಲ, ದಂಡ. ಲೈಸೆನ್ಸು ಆರು ತಿಂಗಳು ತಡೆ. "ಇದಕ್ಕಿಂತ ಕಮ್ಮಿ ಮಾಡುವ ಅಧಿಕಾರ ನನಗೆ ಇಲ್ಲ," ಎಂದು ಮ್ಯಾಜಿಸ್ಟ್ರೇಟರು ಓದಿ ಮುಗಿಸಿದ ಮೇಲೆ ಬೇರೆಯಾಗಿ ಹೇಳಿದರು. ಹಾಗೆ ಅವರು ಹೇಳಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಹೊರಗೆ ಬಂದು, ಮಂಗಳೂರಿಗೆ ಅಪೀಲು ಹೋಗುವ ಎಂದೆ. ದಂಡ ಕಟ್ಟಿದ ಡ್ರೈವರರು ಅಂಗಿಯ ಒಳಕಿಸೆಯಿಂದ ಲೈಸೆನ್ಸು ತೆಗೆದು ಗುಮಾಸ್ತರ ಕೈಗೆ ಕೊಟ್ಟಾಗಿತ್ತು.

"ಬೇಡ ಸ್ವಾಮಿ. ನೀವು ನನಗಾಗಿ ತುಂಬಾ ಓಡಿದಿರಿ. ಹೇಳದಿದ್ರೆ ನನಗೆ ಆ ಸ್ಟಿಯರಿಂಗು ಹಿಡಿಯಲಿಕ್ಕೆ ಆಗ್ತಿರ್ಲಿಲ್ಲ. ಆರು ತಿಂಗಳಲ್ವಾ? ಬೇಗ ಹೋಗ್ತದೆ."

ಆರು ತಿಂಗಳು ಕಳೆದು ಲೈಸೆನ್ಸನ್ನು ತಿರುಗಿ ಪಡೆಯುವ ದಿನ ಅವರು ಪುತ್ತೂರಿಗೆ ಬಂದರು. ನಾನೇ ಜೊತೆಗೆ ಹೋಗಿದ್ದೆ. ಲೈಸೆನ್ಸಿನ ಒಳಗೆ ಕೋರ್ಟಿನ ಮೊಹರಿನ ಜೊತೆ ಅಪರಾಧದ ಹೆಸರು, ಶಿಕ್ಷೆ, ಎಲ್ಲ ಬರೆದಿತ್ತು. ಅವರು ಅದನ್ನು ಓದಲಿಲ್ಲ, ಹಾಗೆಯೇ ಮಡಚಿ ಕಿಸೆಗೆ ಹಾಕಿಕೊಂಡರು. ನೇರ ಹಳೆಯ ಧಣಿಯ ಮನೆಗೆ ಹೋಗುತ್ತೇನೆ ಎಂದರು. ಅಂದು ಅವರ ನಡಿಗೆ ನೋಡಿ ನನ್ನ ಸಿಟ್ಟು ಪೂರ್ತಿ ಇಳಿಯಿತು. ಒಳ್ಳೆಯದಾಗಲಿ ಎಂದು ಮನಸಾರೆ ಹಾರೈಸಿದೆ.

ಧಣಿ ಆ ಲಾರಿಗೆ ಬೇರೆಯವರನ್ನು ಇಟ್ಟಿದ್ದರು. ಇನ್ನೊಬ್ಬ ಧಣಿ ಲೈಸೆನ್ಸು ತೋರಿಸಲು ಹೇಳಿ, ಒಳಗಿನ ಬರಹ ಓದಿ, ನಾಳೆ ಬನ್ನಿ ಎಂದರು. ಬಸ್ಸಿನವರು ಪ್ರಯಾಣಿಕರ ಹೆದರಿಕೆ ಹೇಳಿದರು. ಸುಬ್ರಹ್ಮಣ್ಯದ ದಾರಿಯಲ್ಲಿ ಕಲ್ಲು ಸಾಗಿಸುವವರು ಒಬ್ಬರಿದ್ದರು, ಅವರಿಗೂ ಸುದ್ದಿ ಮೊದಲೇ ಮುಟ್ಟಿತ್ತು. ಕೋರ್ಟಿನಲ್ಲಿ ಅವರು ಏನು ಹೇಳಿದರೆಂದು ಯಾರೂ ನೆನಪಿಡಲಿಲ್ಲ. ಚೊಂಬು ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು, ಊರಿಂದ ಊರಿಗೆ ಹೋಗುತ್ತಾ ಅದು ಕೊಡವೂ ಆಯಿತು. ಜನ್ಮಕ್ಕೊಮ್ಮೆ ಕುಡಿದವರ ಹೆಸರು ಕುಡುಕ ಡ್ರೈವರ ಎಂದು ನಿಂತುಬಿಟ್ಟಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸುಮಾರು ಎರಡು ವರ್ಷ ಕಳೆದಿರಬೇಕು. ಜಾಮೀನು ನಿಂತಿದ್ದ ಬ್ಯಾರಿಯ ಸೌದೆ ಡಿಪೋದ ಎದುರು ಹಾದು ಹೋಗುವಾಗ ಡ್ರೈವರರು ಕಂಡರು. ತಲೆಗೆ ಸಿಂಬಿ ಸುತ್ತಿಕೊಂಡು ಲಾರಿಯಿಂದ ಮರ ಇಳಿಸುತ್ತಿದ್ದರು. ನನ್ನನ್ನು ಕಂಡು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ಬಂದರು.

"ಅಕ್ಕ ಹೇಗಿದ್ದಾರೆ?"

"ಇದ್ದಾಳೆ. ನನ್ನ ಮುಖ ನೋಡಿ ಮಾತಾಡುದು ಕಮ್ಮಿ."

"ಲೈಸೆನ್ಸು ಉಂಟಲ್ಲ?"

"ಉಂಟು ಸ್ವಾಮಿ. ಹೊತ್ತು ಹೊತ್ತಿಗೆ ಮುಂದುವರಿಸಿದ್ದೇನೆ." ಕಿಸೆ ಮುಟ್ಟಿ ತೋರಿಸಿದರು. ಆಮೇಲೆ, ದೂರು ಹೇಳುವ ದನಿಯಲ್ಲ, ಸುಮ್ಮನೆ ಲೋಕಾರೂಢಿಯ ಹಾಗೆ ಹೇಳಿದರು: "ಕೋರ್ಟು ಒಳ್ಳೆದು ನೋಡಿ. ಎಷ್ಟು ತಿಂಗಳು ಅಂತ ಹೇಳಿಯೇ ಶಿಕ್ಷೆ ಕೊಡ್ತದೆ. ಈ ಊರಿನವರು ಯಾರೂ ಎಷ್ಟು ಅಂತ ಹೇಳುದಿಲ್ಲ."

ಅಷ್ಟರಲ್ಲಿ ಇನ್ನೊಂದು ಲಾರಿ ಡಿಪೋದ ಸಣ್ಣ ಗೇಟಿಗೆ ಹಿಮ್ಮುಖವಾಗಿ ಬರತೊಡಗಿತು. ಡ್ರೈವರ ಹೊಸಬ, ಎರಡು ಸಲ ಗೋಡೆಗೆ ತಾಗಿಸುವುದರಲ್ಲಿದ್ದ. ಬಂದೆ ಸ್ವಾಮಿ ಎಂದು ಇವರು ಓಡಿದರು. ಲಾರಿಯ ಹಿಂದೆ ನಿಂತು, "ಬರ್ಲಿ, ಬರ್ಲಿ, ಈಗ ಬಲಕ್ಕೆ ಎಳೆ, ಇನ್ನೂ ಎಳೆ," ಎಂದು ಕೂಗಿದರು. ಕೂಗುವಾಗ ಅವರ ಎರಡು ಕೈಗಳೂ ಎದೆಯ ಮುಂದೆ ಗಾಳಿಯಲ್ಲಿ ಸ್ಟಿಯರಿಂಗು ತಿರುಗಿಸುತ್ತಿದ್ದವು. ಲಾರಿ ಒಳಗೆ ಬಂದು ನಿಂತ ಮೇಲೂ ಅವು ಕೂಡಲೇ ಕೆಳಗೆ ಇಳಿಯಲಿಲ್ಲ.